ಮಾರ್ಗರೆಟ್ ಒತ್ತು ತಪ್ಪಿದ್ದು

೭ ಅಕ್ಟೋಬರ್ ೧೯೭೪, ಸೋಮವಾರ. ಪ್ರಿನ್ಸ್‌ಟನ್

ಇವತ್ತೂ ಡಚ್ ಸಮಾಸಪದಗಳು. ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬೇಕೆಂದು ಕಂಪ್ಯೂಟರಿಗೆ ಕಲಿಸಬೇಕು. ಮಾರ್ಗರೆಟ್ ಹುಟ್ಟಾ ಡಚ್ಚಳು — ಓದುತ್ತಾಳೆ, ನಾನು ಟೇಪ್ ಮಾಡಿಕೊಳ್ಳುತ್ತೇನೆ. ಒಂದು ಪದ ಬಂತು. ಉಚ್ಚಾರದ ಒತ್ತು ಮೊದಲಲ್ಲಿ ಬಿದ್ದರೆ ಮಸ್ಸಾ-ಖೆಬೆಡ್, ಸಾಮೂಹಿಕ ಪ್ರಾರ್ಥನೆ. ಮುಂದೆ ಸರಿದರೆ ಮಸಾಝೆ-ಬೆಡ್, ಮಸಾಜಿನ ಮಂಚ. ಸ್ಪೆಲಿಂಗ್ ಒಂದೇ! ಇಬ್ಬರೂ ನಕ್ಕೆವು.

೯, ಬುಧವಾರ

ಬೂಕ್‌ವಿಂಕೆಲ್. ಪುಸ್ತಕದಂಗಡಿ. ಒತ್ತು 'ಬೂಕ್' ಮೇಲೆ, ಹೋದ ವಾರ ಅವಳೇ ಹೇಳಿಕೊಟ್ಟದ್ದು. ಇವತ್ತು 'ವಿಂಕೆಲ್' ಮೇಲೆ ಹಾಕಿದಳು.

"ಆರ್ ಯೂ ಶೂರ್?" ಎಂದೆ.

"ನನ್ನ ಭಾಷೆ ನನಗೇ ಕಲಿಸ್ತೀಯಾ, ಕೌಸಲ್ಯಾ?" ಮುಖ ಕೆಂಪಾಯಿತು.

ಡಿಸೆಂಬರ್ ನಂತರ ನಮ್ಮಿಬ್ಬರಲ್ಲಿ ಒಬ್ಬರಿಗೇ ಕೆಲಸ ಎಂದಿದ್ದಾನೆ ಬಾಸ್. ಅವಳಿಗೂ ಗೊತ್ತು. ನನ್ನ ಪ್ರೋಗ್ರಾಂ ಕೆಟ್ಟರೆ...

೧೦, ಗುರುವಾರ

ಮತ್ತೆ ತಪ್ಪು. ಪದದಿಂದ ಪದಕ್ಕೆ ಒತ್ತು ಜಾರುತ್ತಿದೆ. ಇದು ಆಕಸ್ಮಿಕವಲ್ಲ. ನಾನು ತಿರುಗಿ ನೋಡಿದರೆ ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಾಳೆ. ಏನು ಮುಚ್ಚಿಡುತ್ತಿದ್ದಾಳೆ?

೧೧, ಶುಕ್ರವಾರ

ಬಾಸ್‌ಗೆ ಟೇಪ್ ಕೇಳಿಸಿದೆ. ಬೇಕೆಂದೇ ಹಾಳು ಮಾಡುತ್ತಿದ್ದಾಳೆ ಎಂದೆ. ಸೋಮವಾರ ಬಂದೊಡನೆ ಮನೆಗೆ ಕಳಿಸುತ್ತೇನೆ ಎಂದ. ಸಮಾಧಾನವಾಯಿತು. ಆಗಬೇಕಿತ್ತು, ಅನ್ನಿಸಿತು.

೧೨, ಶನಿವಾರ

ಡಾಕ್ಟರ್ ಗಂಡ ಮನೆಯಲ್ಲಿ — ಇವರಿಗೆ ಆಸ್ಪತ್ರೆ ಡ್ಯೂಟಿ ಇರಲಿಲ್ಲ. ಊಟಕ್ಕೆ ಕೂತಾಗ ಮಾರ್ಗರೆಟ್‌ಳ ಆಟವನ್ನೆಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ತುತ್ತು ಕೆಳಗಿಟ್ಟರು.

"ಬಲಗೈ ಬಚ್ಚಿಡ್ತಾಳೆ ಅಂದ್ಯಲ್ಲ, ಯಾವಾಗಿಂದ?"

"ಈ ವಾರ."

"ತಲೆನೋವು?"

ಯೋಚಿಸಿದೆ. ದಿನಾ ಆಸ್ಪಿರಿನ್ ನುಂಗುತ್ತಾಳೆ...

"ಅವಳು ಆಟ ಆಡ್ತಿಲ್ಲ ಕಣೇ. ಕೋಟ್ ಹಾಕ್ಕೋ, ನಡಿ."

ಅವಳ ಅಪಾರ್ಟ್‌ಮೆಂಟಿಗೆ ಡ್ರೈವ್ ಮಾಡಿದೆವು. ಒಳಗಿನಿಂದ ಚಿಲಕ ತಿರುಗಿಸಲು ಬೆರಳು ಬಗ್ಗುತ್ತಿರಲಿಲ್ಲ ಅವಳಿಗೆ. ಬಾಗಿಲಾಚೆ ಅಳುತ್ತಿದ್ದುದು ಕೇಳಿಸಿತು.

೨೦, ಭಾನುವಾರ

ಮೆದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತಂತೆ. ಆಪರೇಷನ್ ಆಯಿತು. ಬದುಕಿದಳು.

ಬಾಸ್ ಹತ್ತಿರ ಹೋಗಿ ಬೇಡಿಕೊಂಡೆ, ತಪ್ಪು ನನ್ನದು ಎಂದೆ. ಬೇರೆಯವಳನ್ನು ತೆಗೆದುಕೊಂಡಾಯಿತು, ಸಾರಿ, ಎಂದ. ಮಾರ್ಗರೆಟ್‌ಗೆ ಇನ್ನೂ ಯಾರೂ ಹೇಳಿಲ್ಲ.

ಇವತ್ತು ಆಸ್ಪತ್ರೆಯಲ್ಲಿ ಮಾತಾಡಿದಳು, ನಿಧಾನವಾಗಿ. ನನ್ನ ಕೈ ಹಿಡಿದುಕೊಂಡಳು.

"ಇನ್ಯಾರಿಗೂ ಗೊತ್ತಾಗ್ಲಿಲ್ಲ. ನೀನೊಬ್ಬಳೇ ಕಿವಿಗೊಟ್ಟು ಕೇಳಿದ್ದು. ಕೆಲಸಕ್ಕೆ ಯಾವಾಗ ಬರಲಿ?"

ಇವರು ಕಿಟಕಿಯ ಕಡೆ ತಿರುಗಿದರು. ಹೇಳಿಬಿಟ್ಟೆ. ಅನುಮಾನ, ಟೇಪ್, ಬಾಸ್ — ಎಲ್ಲ. ಅವಳ ಕೈ ನನ್ನ ಕೈಯಲ್ಲಿ ಹಾಗೇ ಇತ್ತು, ಸ್ವಲ್ಪ ಹೊತ್ತು. ಆಮೇಲೆ ಎಳೆದುಕೊಂಡಳು.