ಎರಡನೆಯ ಕುರ್ಚಿಗೆ

ಗದಗ,
ಇಸವಿ ೨೧೮೭, ಫೆಬ್ರುವರಿ ೩೦

ಗದಗಿನ ರೊಟ್ಟಿ ಕಾರ್ಖಾನೆಯ ಮೂವತ್ತನಾಲ್ಕು ಮಂದಿ ಹಿರಿಯರಿಗೆ, ಅದೇ ಕಾರ್ಖಾನೆಯಲ್ಲಿ ರೊಟ್ಟಿ ಬೇಯಿಸುವ ಹಂಚಿನ ಮನೆಯ ಮೇಲ್ವಿಚಾರಕಿ ಮಂದಾಕಿನಿ ಅಬ್ಬಿಗೇರಿ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಜನವರಿಗೂ ಮಾರ್ಚಿಗೂ ಮೂವತ್ತೊಂದು ಕೊಟ್ಟು ನಡುವಿನ ಬಡಪಾಯಿಗೆ ಮಾತ್ರ ಯಾಕೆ ಕಡಿಮೆ ಎಂದು ಯಾರೋ ಜಗಳ ತೆಗೆದು, ಎರಡೂ ಕಡೆಯಿಂದ ಒಂದೊಂದು ದಿನ ಕಿತ್ತು ಇದಕ್ಕೆ ಕೊಟ್ಟರು. ಹಾಗೆ ಸಿಕ್ಕ ಕೊನೆಯ ದಿನವನ್ನು ದುಡಿಯುವ ಜನರಿಗೆ ಬಿಟ್ಟುಕೊಡಲಾಯಿತು. ಫೆಬ್ರುವರಿ ಮೂವತ್ತರಂದು ಯಾವ ಕಾರ್ಖಾನೆಯೂ ಸರಕು ತಯಾರಿಸುವುದಿಲ್ಲ, ಯಾವ ಕಚೇರಿಯೂ ಕಡತ ಬಿಚ್ಚುವುದಿಲ್ಲ. ಅಂದು ಎಲ್ಲರೂ ಕುಳಿತು, ಪಕ್ಕದಲ್ಲಿ ಕೆಲಸ ಮಾಡುವವರ ಜೀವ ಉಳಿಸುವುದು ಹೇಗೆ ಎಂದು ಕಲಿಯುತ್ತೇವೆ. ಇದಕ್ಕೆ ನಾವು ಕೈಪಾಠ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಇದಕ್ಕೆ ಪ್ರಥಮ ಚಿಕಿತ್ಸಾ ತರಬೇತಿ ಎಂಬ ಉದ್ದದ ಹೆಸರಿತ್ತಂತೆ. ಹೆಸರು ಉದ್ದವಾದದ್ದಕ್ಕೇ ಜನ ಎದ್ದು ಹೋಗುತ್ತಿದ್ದರೇನೋ.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಾರ್ಖಾನೆಯ ಉಗ್ರಾಣದಲ್ಲಿ ಉಳಿದಿದ್ದ ಹಳೆಯ ರೊಟ್ಟಿ ಪಾಕೀಟುಗಳನ್ನು ಓದಿ. ಹಾಗಾಗಿ ಎಲ್ಲಿಯಾದರೂ "ತಂಪಾದ ಒಣ ಜಾಗದಲ್ಲಿಡಿ" ಎಂಬ ಧಾಟಿ ಬಂದರೆ ಮುದುಕಿಯ ತಪ್ಪೆಂದು ಹೊಟ್ಟೆಗೆ ಹಾಕಿಕೊಳ್ಳಿ. ಪತ್ರ ನಿಮ್ಮ ಕೈಸೇರಿದ್ದು ಹಿಂದಂಚೆಯಿಂದ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಿಂದ. ಈ ತಾರೀಖು ನಿಮ್ಮಲ್ಲಿ ಇಲ್ಲವೇ ಇಲ್ಲವಲ್ಲ, ಆದ್ದರಿಂದ ಅಂದು ಹಾಕಿದ ಪತ್ರವನ್ನು ನಿಮ್ಮ ಯಾವ ದಿನಕ್ಕೆ ಬೇಕಾದರೂ ಕಳಿಸಬಹುದು ಎನ್ನುತ್ತಾರೆ. ಅದು ಹೇಗೆ ಎಂದು ಕೇಳಬೇಡಿ, ನನ್ನ ವಿದ್ಯೆಯೆಲ್ಲ ಹಂಚಿನ ಮುಂದೆ. ಎರಡು ನಿಯಮ ಮಾತ್ರ ಗೊತ್ತು. ಇಂಥದ್ದು ನಡೆಯದಂತೆ ತಡೆಯಿರಿ ಎಂದು ಬರೆಯುವಂತಿಲ್ಲ, ಏನಾದರೂ ಕಲಿಯಿರಿ ಎಂದು ಮಾತ್ರ ಕೇಳಬಹುದು. ಮತ್ತೆ, ನಿಮ್ಮ ನಿಜವಾದ ಹೆಸರುಗಳನ್ನು ಹಾಕುವಂತಿಲ್ಲ. ಮುಂದೆ ಬರುವ ಈರಮ್ಮ, ಹನುಮವ್ವ, ರತ್ನವ್ವ ಎಂಬ ಹೆಸರುಗಳು ನಾನು ಇಟ್ಟವು.

ಮೊದಲು ನಮ್ಮ ಸುದ್ದಿ. ಕಾರ್ಖಾನೆ ಇನ್ನೂ ಇದೆ. ಯಂತ್ರಗಳು ಕಪ್ಪತಗುಡ್ಡದ ಗಾಳಿಯ ಮೇಲೆ ಓಡುತ್ತವೆ, ಹಂಚು ಬಿಸಿಲಿನಲ್ಲಿ ಕಾಯುತ್ತದೆ. ಹೊಗೆ ಎಂದರೆ ಏನೆಂದು ನಮ್ಮ ಮಕ್ಕಳಿಗೆ ಚಿತ್ರ ತೋರಿಸಿ ಹೇಳಬೇಕು. ರೊಟ್ಟಿ ಮಾತ್ರ ಗುಂಡಗೇ ಇದೆ. ಚೌಕದ ರೊಟ್ಟಿ ಮಾಡೋಣ, ಡಬ್ಬಿಗೆ ಸರಿ ಹೊಂದುತ್ತದೆ ಎಂದು ಮೂವತ್ತು ವರ್ಷದ ಹಿಂದೆ ಒಬ್ಬ ವ್ಯವಸ್ಥಾಪಕ ಬಂದಿದ್ದ. ಅವನನ್ನು ಆಮೇಲೆ ಯಾರೂ ನೋಡಲಿಲ್ಲ.

ನಮ್ಮಲ್ಲಿ ತಣ್ಣೀರ ಕಥೆ ಎಂಬ ಪದ್ಧತಿ ಇದೆ. ಯಾರಾದರೂ ಕೈ ಸುಟ್ಟುಕೊಂಡರೆ ಇಪ್ಪತ್ತು ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಬೇಕು. ನಮ್ಮ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? ಎರಡು ನಿಮಿಷಕ್ಕೆ ಕೈ ತೆಗೆದು ಕೆಲಸಕ್ಕೆ ಓಡುತ್ತಾರೆ. ಆದ್ದರಿಂದ ಪಕ್ಕದವರು ನಳದ ಹತ್ತಿರ ನಿಂತು ಇಪ್ಪತ್ತು ನಿಮಿಷದ ಕಥೆಯೊಂದನ್ನು ಹೇಳಲೇಬೇಕು. ಕಥೆ ಮುಗಿಯುವವರೆಗೆ ಕೈ ತೆಗೆಯುವಂತಿಲ್ಲ. ಈಗಿನ ನಮ್ಮ ವ್ಯವಸ್ಥಾಪಕರ ಕಥೆಗಳು ಎಷ್ಟು ಸಪ್ಪೆಯೆಂದರೆ, ಅವರು ಹಂಚಿನ ಮನೆಗೆ ಬಂದ ದಿನ ಎಲ್ಲರೂ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡುತ್ತಾರೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸುಟ್ಟ ಬೆರಳಿಗೆ ಜೋಳದ ಹಿಟ್ಟಿನ ಮುದ್ದೆ ಮೆತ್ತಿಕೊಂಡಿದ್ದಳು. ಅದು ನಿಮ್ಮಿಂದಲೇ ಬಂದ ಬಳುವಳಿ, ಹಿರಿಯರೇ! ನೂರಾರು ವರ್ಷವಾದರೂ ಬಿಟ್ಟಿಲ್ಲ. ಅವಳನ್ನು ನಳಕ್ಕೆ ಎಳೆದೊಯ್ದು ನಾನೇ ಕಥೆ ಹೇಳಿದೆ.

ಇಂದಿನ ಹಬ್ಬದ ಯಜಮಾನಿ ಮಾತ್ರ ನಮ್ಮ ಎದೆಗೊಂಬೆ. ಎದೆ ಒತ್ತಿ ಉಸಿರು ತರಿಸುವುದನ್ನು ಕಲಿಯಲು ಇಟ್ಟುಕೊಂಡ ಆಳೆತ್ತರದ ಗೊಂಬೆ ಅದು. ಈ ಪತ್ರದ ಮಟ್ಟಿಗೆ ಅದರ ಹೆಸರೂ ರತ್ನವ್ವ. ಬೆಳಗ್ಗೆಯೇ ರತ್ನವ್ವನಿಗೆ ಇಳಕಲ್ ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲೆ ಅಡಿಕೆ ಇಟ್ಟು ಉಡಿ ತುಂಬುತ್ತೇವೆ. ಆಮೇಲೆ ಒಬ್ಬೊಬ್ಬರಾಗಿ ಮಂಡಿಯೂರಿ, ಎದೆಯ ನಟ್ಟನಡುವೆ ಎರಡೂ ಅಂಗೈ ಇಟ್ಟು, ಗಟ್ಟಿಯಾಗಿ, ಬೇಗ ಬೇಗ ಒತ್ತುತ್ತೇವೆ. ಸುತ್ತ ನಿಂತವರು ರೊಟ್ಟಿ ಬಡಿಯುವ ಲಯದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಬೇಕಾದ ವೇಗ ಸರಿಯಾಗಿ ಅದೇ. ಯಾರಾದರೂ ಕೆಳಗೆ ಜಾರಿದರೆ ನಮ್ಮ ಹಿರಿಯ ಕೆಲಸಗಾರ್ತಿ ಪಾರ್ವತೆವ್ವ ಮೂಲೆಯಿಂದಲೇ ಕೂಗುತ್ತಾಳೆ: "ಏ ಯವ್ವಾ, ಅದು ಹೊಟ್ಟಿ ಐತಿ, ಎದಿ ಅಲ್ಲ! ರತ್ನವ್ವ ಉಂಡದ್ದೆಲ್ಲಾ ಹೊರಗ ಬರತೈತಿ ನೋಡು!" ಎಲ್ಲರೂ ಒತ್ತಿದ ಮೇಲೆ ಶೇಂಗಾ ಹೋಳಿಗೆಯ ಊಟ. ಮೊದಲ ಎಲೆ ರತ್ನವ್ವನದು.

ಕಾರ್ಖಾನೆಯ ಬಾಗಿಲಲ್ಲಿ ಗಾಜಿನ ಕಪಾಟೊಂದಿದೆ. ಅದರಲ್ಲಿ ನಿಮ್ಮ ವಸ್ತು ಮೂರು. ಒಂದು, ನಿಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೀಗದ ಸಮೇತ. ಬೀಗದ ಕೈ ಸೂಪರ್‌ವೈಸರ್ ಹತ್ತಿರ ಇರುತ್ತಿತ್ತಂತೆ, ಸೂಪರ್‌ವೈಸರ್ ಎಲ್ಲಿರುತ್ತಿದ್ದರೋ ಯಾರಿಗೂ ಗೊತ್ತಿರುತ್ತಿರಲಿಲ್ಲವಂತೆ. ಒಡೆದು ನೋಡಿದಾಗ ಒಂದು ಕತ್ತರಿ, ಅರ್ಧ ಬಾಟಲಿ ಕೆಮ್ಮಿನ ಔಷಧ, ಒಂದು ಊದಿನಕಡ್ಡಿ ಪೊಟ್ಟಣ ಸಿಕ್ಕವು. ಆಯುಧ ಪೂಜೆಯ ಕುಂಕುಮ ಮಾತ್ರ ಮುಚ್ಚಳದ ಮೇಲೆ ಇನ್ನೂ ಕೆಂಪಗಿದೆ. ಎರಡನೆಯದು ಒಂದು ಹಳೆಯ ಫ್ಯಾನ್. ಮೂರನೆಯದು ತರಬೇತಿಯ ಹಾಜರಿ ಪುಸ್ತಕದ ಒಂದು ಹಾಳೆ. ಮಧ್ಯಾಹ್ನ ಎರಡರಿಂದ ನಾಲ್ಕು, ಮೂವತ್ತನಾಲ್ಕು ಸಹಿ. ಅದರ ಕೆಳಗೆ ತರಬೇತಿ ಕೊಡಲು ಬಂದಿದ್ದ ನರ್ಸ್ ಬಾಯಿಯವರು ಪೆನ್ಸಿಲಿನಲ್ಲಿ ಬರೆದಿದ್ದಾರೆ: ಕುಳಿತವರು ಒಬ್ಬರು.

"ಸಹಿ ಮಾಡ್ರಿ, ಹೋಗ್ರಿ" ಎಂದು ಸೂಪರ್‌ವೈಸರ್ ಹೇಳಿದ್ದೇ ತಡ, ಮೂವತ್ತಮೂರು ಮಂದಿ ಎದುರಿನ ಅಂಗಡಿಗೆ ಮಿರ್ಚಿ ಭಜಿ ತಿನ್ನಲು ಹೋದರು. ನಿಮ್ಮನ್ನು ಬೈಯುವುದಿಲ್ಲ. ಬಿಸಿ ಮಿರ್ಚಿಯ ವಾಸನೆ ಬಂದರೆ ನಾನೂ ಹೋಗುತ್ತಿದ್ದೆ. ಉಳಿದ ಒಬ್ಬಳು ಈರಮ್ಮ. ಅವಳೇನೂ ಪುಣ್ಯ ಕಟ್ಟಿಕೊಳ್ಳಲು ಉಳಿಯಲಿಲ್ಲ. ಆ ಕೋಣೆಗೆ ಇದ್ದದ್ದು ಒಂದೇ ಫ್ಯಾನ್, ಅದರ ಕೆಳಗೆ ಒಂದು ಕುರ್ಚಿ. ಎರಡು ತಾಸು ತಂಪಾಗಿ ನಿದ್ದೆ ಮಾಡೋಣ ಎಂದು ಅವಳು ಕುಳಿತಳು. ನರ್ಸ್ ಬಾಯಿ ಬಿಡಬೇಕಲ್ಲ! ಇದ್ದೊಬ್ಬಳನ್ನೇ ಎಬ್ಬಿಸಿ, ಗೊಂಬೆಯ ಮುಂದೆ ಕೂರಿಸಿ, ನಾಲ್ಕು ಗಂಟೆಯವರೆಗೆ ಒತ್ತಿಸಿದರು. "ರೊಟ್ಟಿ ಬಡಿಯೂ ಕೈಗೆ ಇದೇನ್ ಹೊಸಾದ್ರಿ ಬಾಯಾರ, ನಿದ್ದಿ ಮಾತ್ರ ಕೆಡಸಿದ್ರಿ" ಎಂದು ಈರಮ್ಮ ಗೊಣಗಿದ್ದು ನಮ್ಮ ಊರಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತದೆ.

ಇನ್ನು ಹೇಳಬೇಕಾದ್ದನ್ನು ಹೇಳುತ್ತೇನೆ. ಅದಾಗಿ ನಲವತ್ತು ದಿನಕ್ಕೆ, ನೆಲ ತೊಳೆದ ನೀರು ಆರುವ ಮೊದಲೇ, ಹಿಟ್ಟು ನಾದುವ ಯಂತ್ರದ ಮೈಗೆ ಕರೆಂಟ್ ಬಂತು. ಯಂತ್ರ ಮುಟ್ಟಿದ್ದ ಇಬ್ಬರು ಬಿದ್ದರು. ಎಲ್ಲರೂ ಹಿಡಿದೆತ್ತಲು ನುಗ್ಗಿದಾಗ ಈರಮ್ಮ ಕಿರುಚಿದಳು: "ಮುಟ್ಟಬ್ಯಾಡ್ರೀ! ಮೊದ್ಲ ಮೇನ್ ಬಂದ್ ಮಾಡ್ರಿ, 108ಕ್ಕ ಫೋನ್ ಹಚ್ರಿ!" ಆ ಒಂದು ಮಾತಿನಿಂದ ಇನ್ನೂ ನಾಲ್ಕೈದು ಜನ ಉಳಿದರು. ಕರೆಂಟ್ ಹೋಯಿತು, ಬಿದ್ದವರಿಬ್ಬರಿಗೂ ಉಸಿರಿರಲಿಲ್ಲ. ಈರಮ್ಮ ಹತ್ತಿರದವಳ ಪಕ್ಕ ಮಂಡಿಯೂರಿ ಒತ್ತತೊಡಗಿದಳು. ಅವಳು ಹನುಮವ್ವ, ನನ್ನ ಮುತ್ತಜ್ಜಿಯ ಅಜ್ಜಿ. ಆಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ.

ಇನ್ನೊಬ್ಬಳು ರತ್ನವ್ವ. ಇಪ್ಪತ್ತಾರು ವರ್ಷ, ಕಾರ್ಖಾನೆಯಲ್ಲೇ ದುಂಡನೆಯ ರೊಟ್ಟಿ ಅವಳದು, ನಗಲು ಶುರುಮಾಡಿದರೆ ಯಂತ್ರದ ಸದ್ದೂ ಕೇಳುತ್ತಿರಲಿಲ್ಲವಂತೆ. ಅವಳ ಸುತ್ತ ಹದಿನೇಳು ಜನ ಇದ್ದರು. ಒಬ್ಬರು ಅಂಗೈಗೆ ಬೀಗದ ಕೈ ಹಿಡಿಸಿದರು, ಒಬ್ಬರು ಈರುಳ್ಳಿ ಮೂಸಿಸಿದರು, ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಒಬ್ಬರು ಸೆರಗಿನಿಂದ ಗಾಳಿ ಹಾಕಿದರು. "ನಡು ಎದಿ ಮ್ಯಾಲ ಒತ್ತ್ರಿ, ಯಾರರೆ ಒತ್ತ್ರಿ!" ಎಂದು ಈರಮ್ಮ ಹನುಮವ್ವನ ಎದೆಯಿಂದ ಕೈ ತೆಗೆಯದೆ ಕೂಗುತ್ತಲೇ ಇದ್ದಳು. ಎಲುಬು ಮುರಿದೀತೆಂದು ಯಾರಿಗೂ ಧೈರ್ಯ ಬರಲಿಲ್ಲ. ಅವರೆಲ್ಲರಿಗೂ ರತ್ನವ್ವನ ಮೇಲೆ ಜೀವ. ಕೈ ಮೂವತ್ತನಾಲ್ಕು ಇದ್ದವು, ಎಲ್ಲಿ ಇಡಬೇಕೆಂದು ಯಾವುದಕ್ಕೂ ಗೊತ್ತಿರಲಿಲ್ಲ. ಆಂಬುಲೆನ್ಸ್ ಹತ್ತೊಂಬತ್ತು ನಿಮಿಷಕ್ಕೆ ಬಂತು. ಹನುಮವ್ವ ಉಸಿರಾಡುತ್ತಿದ್ದಳು. ರತ್ನವ್ವ ಹೋಗಿದ್ದಳು.

ನಮ್ಮ ಗೊಂಬೆಗೆ ಆ ಹೆಸರು ಬಂದದ್ದು ಹಾಗೆ. ಮುಂದಿನ ವರ್ಷ ಉಳಿದವರೆಲ್ಲ ಸೇರಿ ನರ್ಸ್ ಬಾಯಿಯನ್ನು ತಾವೇ ಕರೆಸಿದರು, ಮೊದಲ ಉಡಿಯನ್ನು ಹನುಮವ್ವ ತುಂಬಿದಳು. ಅಲ್ಲಿಂದ ಹುಟ್ಟಿದ ಹಬ್ಬ ಇದು. ಇಂದು ಬೆಳಗ್ಗೆ ನಾನೂ ಉಡಿ ತುಂಬಿದೆ. ಅರವತ್ತೊಂದು ವರ್ಷದ ನನಗೆ ಇಪ್ಪತ್ತಾರರ ಹುಡುಗಿಯ ಎದುರು ಪ್ರತಿ ಸಲ ನಾಚಿಕೆಯಾಗುತ್ತದೆ, ಅವಳ ಪಾಲಿನ ಊಟ ನಾನು ಉಣ್ಣುತ್ತಿದ್ದೇನೆ ಎಂದು.

ಈ ಪತ್ರ ನಿಮ್ಮ ಕೈಗೆ ಬರುವ ದಿನವೇ ನಿಮ್ಮಲ್ಲಿ ಆ ತರಬೇತಿ. ಹಾಜರಿ ಪುಸ್ತಕ ಊಟದ ನಂತರ ಬರುತ್ತದೆ. ನಿಮ್ಮಲ್ಲಿ ರತ್ನವ್ವ ಯಾರು ಎಂದು ನಾನು ಹೇಳುವಂತಿಲ್ಲ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೋಡಿ. ಅವರಲ್ಲೇ ಇದ್ದಾಳೆ, ಬಹುಶಃ ಈಗಲೂ ನಗುತ್ತಿದ್ದಾಳೆ. ಅವಳು ಉಳಿದುಬಿಟ್ಟರೆ ನಮ್ಮ ಹಬ್ಬ ಏನಾದೀತು ಎಂಬ ಚಿಂತೆ ನಿಮಗೆ ಬೇಡ. ಗೊಂಬೆಗೆ ಬೇರೊಂದು ಹೆಸರು ಹುಡುಕಿಕೊಳ್ಳುತ್ತೇವೆ, ಹೋಳಿಗೆ ಹೇಗೂ ಮಾಡುತ್ತೇವೆ.

ಫ್ಯಾನಿನ ಕೆಳಗಿನ ಕುರ್ಚಿಯ ಬಗ್ಗೆ ನನಗೆ ಚಿಂತೆಯಿಲ್ಲ. ಅಲ್ಲಿ ಈರಮ್ಮ ಕೂರುತ್ತಾಳೆ, ನಾನು ಹುಟ್ಟಿ ಬೆಳೆದು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ ಸಾಕ್ಷಿ. ನಾನು ಬರೆಯುತ್ತಿರುವುದು ಅದರ ಪಕ್ಕದ ಕುರ್ಚಿಗೆ. ಅಲ್ಲಿಗೆ ಗಾಳಿ ಬರುವುದಿಲ್ಲ. ಎರಡು ತಾಸು ಸೆಕೆಯಾಗುತ್ತದೆ, ಮಿರ್ಚಿ ತಣ್ಣಗಾಗುತ್ತದೆ. ಆದರೂ ಯಾರಾದರೂ ಒಬ್ಬರು ಬಂದು ಕೂಡ್ರಿ, ಯವ್ವಾ.