ಹಯಾತ ಅಂದರೆ ಡಾಕ್ಟರಿ ಅಲ್ಲ, ಅಪ್ಪಾ

ಅಪ್ಪಾ,

ತಂದೆಗೆ ಕಾಗದ ಬರೆಯುವಾಗ ಮೇಲೆ ‘ತೀರ್ಥರೂಪ’ ಎಂದು ಬರೆಯಬೇಕೆಂದು ಸೊಲ್ಲಾಪುರದ ಹಾಸ್ಟೆಲಿನಲ್ಲಿ ಕಲಿಸಿದ್ದರು. ಆರು ವರ್ಷ ಹಾಗೆಯೇ ಬರೆದೆ. ಇವತ್ತು ಬರೆಯುವುದಿಲ್ಲ. ನೀನು ಮಣ್ಣಾಗಿ ಎರಡು ತಿಂಗಳಾಯಿತು, ನನ್ನ ಸಿಟ್ಟು ಮಾತ್ರ ಇನ್ನೂ ಹಾಗೇ ಇದೆ. ಬೀದರಿನ ದವಾಖಾನೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಅಕ್ಕ ಮಲಗಿದ್ದಾಳೆ. ಅವಳು ಇಲ್ಲಿಗೆ ಹೇಗೆ ಬಂದಳೆಂದು ಹೇಳಬೇಕಾದರೆ ನೀನು ಮಾಡಿದ್ದನ್ನು ಮೊದಲು ಹೇಳಬೇಕು. ಕೇಳು.

ಔರಾದ ಕಚೇರಿಯ ಕಟ್ಟೆಯ ಮೇಲೆ ನನ್ನ ಹೈದರಾಬಾದಿನ ಕಾಲೇಜಿನ ಫಾರ್ಮು ತುಂಬಿಸಿದ ದಿನ ನಿನಗೆ ನೆನಪಿದೆಯೇ? ಫಾರ್ಮು ಪೂರ್ತಿ ಉರ್ದುವಿನಲ್ಲಿ. ಇಂಗ್ಲಿಷಿನಲ್ಲಿ ಮೆಟ್ರಿಕ್ ಮಾಡಿದ ನನಗೆ ಅದರಲ್ಲಿ ಒಂದು ಸಾಲು ಓದಲು ಬರಲಿಲ್ಲ. ಕಚೇರಿಯಲ್ಲಿ ಜವಾನನಾಗಿ ತಲೆ ನರೆತ ನಿನಗೂ ಓದಲು ಬರುತ್ತಿರಲಿಲ್ಲ, ಆದರೆ ಮಾತುಗಳೆಲ್ಲ ಕಿವಿಗೆ ಬಿದ್ದು ಪಳಗಿದ್ದವು. ಅರ್ಜಿ ಬರೆಯುವ ಖಾಜಾ ಚಾಚಾ ವಿಷಯಗಳನ್ನು ಒಂದೊಂದಾಗಿ ಓದುತ್ತ ‘ಇಲ್ಮೆ ಹಯಾತ್’ ಎಂಬಲ್ಲಿಗೆ ಬಂದಾಗ ನೀನು ಕೈ ಎತ್ತಿದೆ.

“ಹಯಾತ? ಅದೇ ಬರೀರಿ ಚಾಚಾ.”

ನಿನಗೆ ಆ ಮಾತು ಗೊತ್ತಿದ್ದದ್ದು ಕಚೇರಿಯ ದಫ್ತರದಿಂದ. ಪಿಂಚಣಿಯವರ ಹೆಸರಿನ ಮುಂದೆ, ಬದುಕಿದ್ದರೆ ‘ಹಯಾತ’, ಸತ್ತಿದ್ದರೆ ‘ಮಯತ’. ವರ್ಷಕ್ಕೊಮ್ಮೆ ಹಳ್ಳಿ ಹಳ್ಳಿ ತಿರುಗಿ, ಮುದುಕರನ್ನು ಕಣ್ಣಾರೆ ನೋಡಿ ಬಂದು, “ಹಯಾತ ಅದಾನ್ರಿ” ಎಂದು ಹೇಳುವುದು ನಿನ್ನ ಕೆಲಸವಾಗಿತ್ತು. “ಹಯಾತದ ವಿದ್ಯಾ ಅಂದ್ರ ಮಂದೀನ ಹಯಾತ ಇಡೋ ವಿದ್ಯಾ. ಡಾಕ್ಟರಿನೇ ಅಲ್ಲೇನ್ರಿ?” ಎಂದು ನೀನು ಕೇಳಿದೆ. ಚಾಚಾ ಗಡ್ಡ ನೀವಿಕೊಂಡು, “ಬಹುತ್ ಬಡಾ ಇಲ್ಮ್ ಹೈ, ಬಸಪ್ಪಾ” ಎಂದರು. ಅವರಿಗೂ ಗೊತ್ತಿರಲಿಲ್ಲ ಅಪ್ಪಾ. ಅದು ಬಯಾಲಜಿ. ಗಿಡ, ಹುಳ, ಕಪ್ಪೆ ಹೇಗೆ ಬದುಕುತ್ತವೆ ಎಂದು ಓದುವುದು. ಡಾಕ್ಟರಿ ಕಲಿಸುವ ಸಾಲೆ ಅದೇ ಹೈದರಾಬಾದಿನಲ್ಲಿ ಬೇರೆಯೇ ಇದೆ.

ಮೊದಲ ಪ್ರ್ಯಾಕ್ಟಿಕಲ್‌ನ ದಿನ ಪಿನ್ನು ಕಪ್ಪೆಯ ಕಾಲಿಗೆ ಚುಚ್ಚುವ ಬದಲು ನನ್ನ ಬೆರಳಿಗೇ ಚುಚ್ಚಿಕೊಂಡೆ. ಕೊರಳಿನ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡು, ಮೇಣದ ಟ್ರೇಯ ಮುಂದೆ ನಿಂತು, ಲಿಂಗ ಕಟ್ಟಿಕೊಂಡವನು ಇದನ್ನು ಕೊಯ್ಯಬಹುದೇ ಎಂದು ಯಾರನ್ನು ಕೇಳಲಿ ಎಂದುಕೊಂಡೆ. ಎದೆ ಬಿಚ್ಚಿದ ಮೇಲೂ ತೊಗರಿಕಾಳಿನಷ್ಟು ಗುಂಡಿಗೆ ಮಿಡಿಯುತ್ತಲೇ ಇತ್ತು. ಮಾಸ್ತರರು ಉರ್ದುವಿನಲ್ಲಿ ‘ಖಲಿಯಾ’ ಎನ್ನುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ‘ಸೆಲ್’ ಎಂದು ಬರೆಯುತ್ತೇನೆ, ಪಕ್ಕದಲ್ಲಿ ಕನ್ನಡದಲ್ಲಿ ‘ಕೋಣೆ?’ ಎಂದು ಬರೆದು ಪ್ರಶ್ನೆಯ ಗುರುತು ಹಾಕುತ್ತೇನೆ. ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಉತ್ತರದ ಹೊತ್ತು ಮುಗಿದಿರುತ್ತದೆ. ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿಗಳು ಹಸಿಯಾಗಿವೆ. ಆದರೂ ಮೈಕ್ರೋಸ್ಕೋಪಿನಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ನೋಡಿದ ದಿನ ಊಟ ಮರೆತಿದ್ದೆ. ಅಲ್ಲಿ ಏನು ಕಾಣುತ್ತದೆಂದು ನೀನು ಒಮ್ಮೆಯಾದರೂ ಕೇಳಿದೆಯಾ? ಒಂದೇ ಒಂದು ಸಲ?

ದಸರೆಗೆ ಊರಿಗೆ ಬಂದಾಗ ನನ್ನ ಚಾಕುಗಳ ಪೆಟ್ಟಿಗೆ ನಿನ್ನ ಕಣ್ಣಿಗೆ ಬಿತ್ತು. ಚಿಮಟ, ಕತ್ತರಿ, ಎರಡು ಸಣ್ಣ ಚಾಕು. ನೀನು ಅದನ್ನು ಕಚೇರಿಗೆ ಒಯ್ದು ಪೇಶಕಾರರಿಂದ ಹಿಡಿದು ನೀರು ಹೊರುವವನವರೆಗೆ ಎಲ್ಲರಿಗೂ ತೋರಿಸಿ ಬಂದೆ. ಸಂಜೆ ನಾನು ಹೇಳಿದೆ, “ಅಪ್ಪಾ, ಇದು ಡಾಕ್ಟರಿ ಅಲ್ಲ. ಕಪ್ಪಿ ಕೊಯ್ಯೋ ಚಾಕು ಇವು.” ನೀನು ಎಲೆಗೆ ಸುಣ್ಣ ಹಚ್ಚುತ್ತ, “ಇರ್ಲಿ ಬಿಡು. ಕಪ್ಪಿ ಆದ ಮ್ಯಾಲ ಮನಶ್ಯಾರೇ ಅಲ್ಲೇನು” ಎಂದೆ. ಎರಡನೆಯ ಸಲ ನಾನು ಹೇಳಲಿಲ್ಲ. ಮರುದಿನ ಬಜಾರದಲ್ಲಿ ಯಾರೋ “ಡಾಕ್ಟರ್ ಸಾಬ್, ಶರಣ್ರಿ” ಎಂದಾಗ ನಾನೂ ಕೈ ಮುಗಿದೆ. ಹಿತವಾಗಿತ್ತು. ಅದನ್ನು ಮುಚ್ಚಿಟ್ಟು ನಿನ್ನನ್ನೊಬ್ಬನನ್ನೇ ಬೈದರೆ ಈ ಕಾಗದ ಸುಳ್ಳಾಗುತ್ತದೆ.

ಪುಷ್ಯದಲ್ಲಿ ಹಾಸ್ಟೆಲಿಗೆ ನಿನ್ನ ಕಾಗದ ಬಂತು, ಖಾಜಾ ಚಾಚಾರ ಉರ್ದು ಅಕ್ಷರದಲ್ಲಿ. ಕೋಣೆಯ ಜೊತೆಗಾರನಿಂದ ಓದಿಸಿದೆ. “ಬೆನ್ನಿಗೆ ಕುರು ಆಗಿದೆ, ಬೇರೆಯವರ ಕೈಗೆ ಕೊಡುವುದಿಲ್ಲ, ನಿನ್ನ ಚಾಕು ತೆಗೆದುಕೊಂಡು ಬಾ” ಎಂದಿತ್ತು. ಓದಿದವನು ನನ್ನ ಮುಖ ನೋಡಿ, “ನೀ ಯಾವಾಗ ಡಾಕ್ಟರ್ ಆದಿಪಾ?” ಎಂದು ನಕ್ಕ. ನಾನು ಮನೆಗೆ ಮುಟ್ಟಿದಾಗ ನೀನು ಬೋರಲಾಗಿ ಮಲಗಿದ್ದೆ. ಅಂಗೈ ಅಗಲದ ಕುರು, ಜೇನುಹುಟ್ಟಿನಂತೆ ತೂತು ತೂತು. ಒಲೆಯ ಮೇಲೆ ನೀರು ಕಾಯಿಸಿ ಇಟ್ಟಿದ್ದರು. “ಡಾಕ್ಟರ್ ಸಾಬ್ ಬಂದ್ರು, ಸರೀರಿ, ಹಾದಿ ಬಿಡ್ರಿ” ಎಂದು ಯಾರೋ ಜನರನ್ನು ಸರಿಸಿದರು.

“ಅಪ್ಪಾ, ನನಗಿದು ಬರೂದಿಲ್ಲ. ಬೀದರಿಗೆ ಹೋಗೂಣು,” ಎಂದೆ.

ನೀನು ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡೆ. “ಎಲ್ಲಾರ ಮುಂದ ಹಂಗ ಅನಬ್ಯಾಡ.”

ಅಂದರೆ ನಿನಗೆ ಗೊತ್ತಿತ್ತು. ದಸರೆಯಲ್ಲಿ ನಾನು ಹೇಳಿದ್ದು ನಿನ್ನ ಕಿವಿಗೆ ಬಿದ್ದಿತ್ತು. ಗೊತ್ತಿದ್ದೂ ಹತ್ತು ದಿನ ಆ ಕುರುವನ್ನು ಹೊತ್ತುಕೊಂಡು ಮಲಗಿದ್ದೆ. ಭಾಲ್ಕಿಯ ಹಕೀಮರು ತಾವಾಗಿ ಬಂದಾಗ ಬಾಗಿಲಿನಿಂದಲೇ ತಿರುಗಿ ಕಳಿಸಿದ್ದೆ. ಯಾರಿಗಾಗಿ? ಪೇಶಕಾರರ ಎದುರು ಮಾತು ಹೋಗಬಾರದು ಎಂದೇ? ಬಂಡಿಗೆ ಹತ್ತಿಸುವಾಗಲೂ ನೀನು ಬಿಡಲಿಲ್ಲ. “ಬೀದರಿನಾಗ ಇವನ ದೋಸ್ತ ದೊಡ್ಡ ಡಾಕ್ಟರ್ ಇದ್ದಾನ್ರಿ, ಇಬ್ಬರೂ ಕೂಡಿ ಕೊಯ್ತಾರ” ಎಂದು ಹೇಳಿಯೇ ಹತ್ತಿದೆ. ಮಾಂಜ್ರಾ ಹೊಳೆ ದಾಟುವ ಮೊದಲೇ ನೀನು... ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಎಸೆಯಬೇಕೆನಿಸಿತು. ಕಾಲೇಜಿನದು, ಎಸೆಯಲಾಗಲಿಲ್ಲ.

ಹಲಬರ್ಗಾಕ್ಕೆ ಅಕ್ಕನನ್ನು ನೋಡಲು ಹೋದದ್ದು ಈ ಫಾಲ್ಗುಣದಲ್ಲಿ. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಚೊಚ್ಚಲ ಬಸಿರು, ಬಾಣಂತನಕ್ಕೆ ತವರಿಲ್ಲ, ಅದಕ್ಕೆ ಅತ್ತೆಯ ಮನೆಯಲ್ಲೇ ಉಳಿದಿದ್ದಳು. ಎಂಟನೆಯ ತಿಂಗಳು. ಮುಖ ಬಾತಿತ್ತು. ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಸೂಜಿಗೆ ದಾರ ಪೋಣಿಸುತ್ತ, “ತಮ್ಮಾ, ಇದಕ್ಕ ಎರಡು ಕಣ್ಣು ಕಾಣ್ತಾವಲ್ಲೋ” ಎಂದು ನಕ್ಕಳು. ಅದು ಏನು ರೋಗವೆಂದು ನನಗೆ ತಿಳಿಯಲಿಲ್ಲ. ನನಗೆ ತಿಳಿಯದೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

“ಬೀದರಿನ ದವಾಖಾನ್ಯಾಗ ಲೇಡಿ ಡಾಕ್ಟರ್ ಅದಾರ. ನಾಳಿ ಮುಂಜಾನೆ ಬಂಡಿ ಹೂಡೂಣು,” ಎಂದೆ.

“ಯಾಕ? ಮನ್ಯಾಗ ಡಾಕ್ಟರ್ ಇಟ್ಕೊಂಡು ಮಂದಿ ಕೈಯಾಗ ಯಾಕ ಬೀಳ್ಲಿ? ಅಪ್ಪ ಹೇಳ್ಯಾನ, ನನ್ನ ಹೆರಿಗಿ ನೀನೇ ನೋಡ್ತಿ ಅಂತ.”

ಅಪ್ಪ ಹೇಳ್ಯಾನ. ಸತ್ತ ಮೇಲೂ ಹೇಳುತ್ತಲೇ ಇದ್ದೀಯಲ್ಲ ಅಪ್ಪಾ. ನಿನ್ನ ಜೊತೆಗೆ ಅವಳನ್ನೂ ಕರೆದುಕೊಂಡು ಹೋಗಬೇಕೆಂದಿದ್ದೆಯಾ? ಪಡಸಾಲೆಯಲ್ಲಿ ಅವಳ ಅತ್ತೆ, ಅವಳ ಗಂಡ, ಜ್ವರ ತೋರಿಸಲು ನನ್ನ ಹಾದಿ ಕಾಯುತ್ತಿದ್ದ ಮೂರು ಮಂದಿ ಊರವರು. ಎಲ್ಲರ ಮುಂದೆಯೇ ಹೇಳಿದೆ. ನಾನು ಡಾಕ್ಟರ್ ಅಲ್ಲ. ಆಗುವುದೂ ಇಲ್ಲ. ಕಪ್ಪೆ ಕೊಯ್ಯುತ್ತೇನೆ, ಎಲೆ ನೋಡುತ್ತೇನೆ, ಚಿತ್ರ ತೆಗೆಯುತ್ತೇನೆ. ಅಪ್ಪ ಸತ್ತದ್ದು ಈ ಸುಳ್ಳಿನಿಂದ.

ಅಕ್ಕನ ಅತ್ತೆ, “ಕಪ್ಪಿ ಕೊಯ್ಯಾಕ ಹೈದ್ರಾಬಾದ್ ತನಕ ಹೋಗಬೇಕಿತ್ತೇನಪಾ? ನಮ್ಮ ಬಾವ್ಯಾಗ ಬೇಕಾದಷ್ಟು ಅವ” ಎಂದರು. ಊರವರು ಮುಸಿಮುಸಿ ನಕ್ಕರು. ಅಕ್ಕ ನಗಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಗಂಡ ಮಾಮಾ ಮಾತ್ರ ಬಂಡಿಯ ಎತ್ತುಗಳನ್ನು ನೋಡಲು ಹೋದರು. ಮುಂಜಾನೆ ಬಂಡಿಯಲ್ಲಿ ಅವಳು ನನಗೆ ಬೆನ್ನು ತಿರುಗಿಸಿ ಕೂತಳು. ಹಲಬರ್ಗಾದಿಂದ ಬೀದರಿನವರೆಗೆ ಒಂದು ಮಾತಿಲ್ಲ.

ದವಾಖಾನೆಗೆ ಮುಟ್ಟಿದ ದಿನವೇ ಅವಳಿಗೆ ಸೆಳೆತ ಬಂತು. ಕೈಕಾಲು ಸೆಟೆದುಕೊಂಡವು, ಹಲ್ಲು ಕಚ್ಚಿದವು. ಬಾಗಿಲು ಮುಚ್ಚುವವರೆಗೆ ಅಷ್ಟನ್ನು ನೋಡಿದೆ. ಹಲಬರ್ಗಾದಲ್ಲೇ ಇದ್ದಿದ್ದರೆ ಆ ಹೊತ್ತಿಗೆ ನನ್ನ ಕೈಯಲ್ಲಿ ಏನಿರುತ್ತಿತ್ತು ಹೇಳು. ಚಿಮಟ? ಲೇಡಿ ಡಾಕ್ಟರ್ ಹೊರಗೆ ಬಂದು, “ಇನ್ನೊಂದು ದಿನ ತಡಾ ಆಗಿದ್ರ ಇಬ್ಬರೂ ಇರ್ತಿರಲಿಲ್ಲ” ಎಂದರು.

ಗಂಡು ಮಗು ಅಪ್ಪಾ. ತಿಂಗಳು ತುಂಬದ್ದು, ಅರಳೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಅಳುವುದು ಬೆಕ್ಕಿನ ಮರಿಯ ಹಾಗೆ, ಆದರೆ ಹಾಲು ಎಳೆಯುತ್ತದೆ. ಇವತ್ತಿಗೆ ಹನ್ನೊಂದು ದಿನ. ಅಕ್ಕನ ಮುಖದ ಬಾವು ಇಳಿದಿದೆ, ಸೂಜಿಗೆ ಈಗ ಒಂದೇ ಕಣ್ಣು. ನಿನ್ನೆ ಅವಳು ನನ್ನ ಜೊತೆ ಮೊದಲ ಸಲ ಮಾತಾಡಿದಳು.

“ಅಪ್ಪಗ ಗೊತ್ತಿತ್ತೇನು?”

ಇಲ್ಲ ಎನ್ನಬಹುದಿತ್ತು. ಪಾಪ, ಓದು ಬಾರದವನು, ಮಾತು ತಪ್ಪು ತಿಳಿದುಕೊಂಡ ಎನ್ನಬಹುದಿತ್ತು. ಅವಳ ಕಣ್ಣಿನಲ್ಲಿ ನೀನು ಹಾಗೆಯೇ ಉಳಿಯುತ್ತಿದ್ದೆ. ನಾನು, “ಗೊತ್ತಿತ್ತು” ಎಂದೆ.

ಅವಳು ಮಗುವಿಗೆ ಸುತ್ತಿದ ಅರಳೆಯನ್ನು ಸರಿಮಾಡತೊಡಗಿದಳು. ಅಷ್ಟರಲ್ಲಿ ಅತ್ತೆ ಬಂದು, ನಾಡಿದ್ದು ಹೆಸರಿಡೋಣ, ಸತ್ತ ತಾತನ ಹೆಸರೇ ಆಗಬೇಕು, ಬಸಪ್ಪ ಅಂತ ಎಂದರು. ಚೊಚ್ಚಲ ಗಂಡಿಗೆ ತಾತನ ಹೆಸರು ಇಡುವುದು ಪದ್ಧತಿ, ನಿನಗೆ ನಾನು ಹೇಳಬೇಕಿಲ್ಲ. ಅಕ್ಕ ತಲೆ ಎತ್ತದೆ, “ಬ್ಯಾಡ್ರಿ” ಎಂದಳು. ಅತ್ತೆ ನನ್ನ ಕಡೆ ತಿರುಗಿ, “ನೀನರ ಹೇಳಪಾ, ನಿಮ್ಮಪ್ಪನ ಹೆಸರಲ್ಲೇನು?” ಎಂದರು.

ನಾನೂ ಬೇಡ ಎಂದೆ.

ಬೇರೆ ಹೆಸರು ಹುಡುಕುತ್ತಿದ್ದೇವೆ. ಅಕ್ಕ ಇವತ್ತು ಮುಂಜಾನೆ ನನ್ನನ್ನು ಕರೆದು ಅತ್ತೆಗೆ ಕೇಳದಂತೆ ಹೇಳಿದಳು, “ಸಿಟ್ಟು ಇಳಿದ ಮ್ಯಾಲ, ಎರಡನೇದು ಗಂಡು ಆದ್ರ, ಅದಕ್ಕ ಅಪ್ಪನ ಹೆಸರು ಇಡೂಣು.” ಎರಡನೆಯದು ಯಾವಾಗಲೋ, ಗಂಡೋ ಹೆಣ್ಣೋ, ನಮ್ಮ ಸಿಟ್ಟು ಯಾವಾಗ ಇಳಿಯುತ್ತದೋ. ಅಲ್ಲಿಯವರೆಗೆ ನೀನು ಕಾಯಬೇಕು ಅಪ್ಪಾ.