ಹನ್ನೊಂದು ದಿನ ಕಿಟಕಿಯಲ್ಲಿ ಕೂತ ಡಬ್ಬಿ

ಪಶು ಆಹಾರಕ್ಕೆ ಪರವಾನಗಿ ಕೊಡುವ ಮಾನ್ಯರೇ,

ನನ್ನ ಹಸುಗಳು ಕುಡಿದಿಲ್ಲ. ಮೊನ್ನೆ ನಮ್ಮ ಗೇಟಿಗೆ ಅಂಟಿಸಿದ ತಮ್ಮ ಆದೇಶದಲ್ಲಿ, ನಾವು ಅವಕ್ಕೆ ಹಾಕುವ ಬಾರ್ಲಿ ಚರಟದಲ್ಲಿ ‘ಮದ್ಯದ ಅಂಶ ಕಂಡುಬಂದಿದೆ’ ಎಂದಿದೆ. ಸೋಮವಾರದಿಂದ ಅದನ್ನು ಹಾಕಕೂಡದು, ಕಾರ್ಖಾನೆಯವರು ಗುಂಡಿ ತೋಡಿ ಸುರಿಯಬೇಕು ಎಂದೂ ಇದೆ. ಓದಿ ನಾನೂ ನಮ್ಮ ಯಜಮಾನರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ, ಸೋಮವಾರಕ್ಕೆ ಇನ್ನು ಆರೇ ದಿನ ಎಂದು ಹೊಳೆಯಿತು.

ನಮ್ಮ ಬೀದಿಯ ತುದಿಯ ಬಿಯರ್ ಕಾರ್ಖಾನೆಯಲ್ಲಿ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿಯನ್ನು ಬಸಿದುಕೊಳ್ಳುತ್ತಾರೆ. ಬಿಯರ್ ಆಗುವುದು ಆ ಸಿಹಿನೀರು, ಅದೂ ಬೇರೆ ಕೋಣೆಯಲ್ಲಿ ದಿನಗಟ್ಟಲೆ ಹುಳಿಸಿದ ಮೇಲೆ. ಹಿಂದೆ ಉಳಿಯುವ ಚರಟದಲ್ಲಿ ಇರುವುದು ನಾರು ಮತ್ತು ಪ್ರೋಟೀನು. ತಮಗೂ ನನಗೂ ಅರಗದ ಅದನ್ನು ಮೆಲುಕು ಹಾಕುವ ಪ್ರಾಣಿ ತಿಂದು ಹಾಲು ಮಾಡುತ್ತದೆ. ಯಜಮಾನರು ಬೆಳಿಗ್ಗೆ ಆರಕ್ಕೆ ತಳ್ಳುಗಾಡಿಯಲ್ಲಿ ಡ್ರಮ್ಮು ತರುವಾಗ ಚರಟ ಇನ್ನೂ ಬೆಚ್ಚಗಿರುತ್ತದೆ. ಅದೇ ದಿನ ಹಾಕಿ ಮುಗಿಸಬೇಕು, ಇಟ್ಟರೆ ಅದರಲ್ಲಿ ಉಳಿದ ಚೂರು ಸಿಹಿಗೆ ಹುಳಿ ಬಂದು ಕೆಡುತ್ತದೆ. ಈ ಕೆಲಸದ ಮೊದಲ ಪಾಠವೇ ಅದು. ನಮ್ಮ ನಾಲ್ಕು ಹಸುಗಳಲ್ಲಿ ‘ಸಿಡುಕಿ’ ಎಂಬವಳು ಗಾಡಿಯ ಚಕ್ರದ ಸದ್ದಿಗೇ ಕುಣಿಯುತ್ತಾಳೆ. ಕೊಟ್ಟಿಗೆಗೆ ಬಂದಿದ್ದ ತಮ್ಮ ತಪಾಸಕರು ಅದನ್ನು ನೋಡಿ ‘ಅಮಲಿನ ಲಕ್ಷಣ’ ಎಂದು ಬರೆದುಕೊಂಡರು. ಊಟದ ಹೊತ್ತಾದಾಗ ತಮ್ಮ ಕಚೇರಿಯಲ್ಲಿ ಯಾರ ಮುಖವೂ ಅರಳುವುದಿಲ್ಲವೇ?

ಅವರು ಬೆಚ್ಚಗಿನ ಚರಟವನ್ನು ಬಿಗಿಮುಚ್ಚಳದ ಡಬ್ಬಿಗೆ ತುಂಬಿ, ಅರಗಿನ ಮುದ್ರೆ ಒತ್ತಿ ಒಯ್ದರು. ಅದನ್ನು ತಮ್ಮ ಎದುರೇ ತೆರೆಯಬೇಕೆಂಬುದು ನಿಯಮವಂತೆ. ತಾವು ತರಬೇತಿಗೆ ಹೋಗಿದ್ದಿರಿ. ಡಬ್ಬಿ ಹನ್ನೊಂದು ದಿನ ಬಿಸಿಲು ಬೀಳುವ ಕಿಟಕಿಯಲ್ಲಿ ಕೂತಿತು. ಮುಂದಿನದನ್ನು, ವಿಚಾರಿಸಲು ಬಂದ ನನಗೆ ತಮ್ಮ ಜವಾನರೇ ಹೇಳಿದರು.

“ಅದೇನ್ ಕೇಳ್ತೀರಮ್ಮಾ! ಅರಗು ಒಡೆದಿದ್ದೇ ತಡ, ಮುಚ್ಚಳ ಹಾರಿ ಫ್ಯಾನಿಗೆ ಬಡೀತು. ಸಾಹೇಬ್ರು ಮೇಜಿನ ಕೆಳಗೆ!”

“ವಾಸನೆ?”

“ರೂಮ್ ತುಂಬಾ ಘಮಘಮ ಹೆಂಡ. ಅವತ್ತು ಐದು ಗಂಟೆ ಆದ್ರೂ ಯಾರೂ ಮನೆಗೇ ಹೋಗ್ಲಿಲ್ಲ, ನೋಡಿ.”

ಮೇಜಿನ ಕೆಳಗಿದ್ದ ಸಾಹೇಬರು ತಾವೇ ಎಂದು ತಿಳಿದು ಗೌರವದಿಂದಲೇ ನಕ್ಕೆ. ಅಂದರೆ ಮಾನ್ಯರೇ, ಮದ್ಯ ತಯಾರಾದದ್ದು ನನ್ನ ಕೊಟ್ಟಿಗೆಯಲ್ಲಲ್ಲ, ತಮ್ಮ ಕಿಟಕಿಯಲ್ಲಿ. ಪರವಾನಗಿ ಇಲ್ಲದೆ, ಕಚೇರಿಯ ಮುದ್ರೆಯ ರಕ್ಷಣೆಯಲ್ಲಿ! ಮೆಲುಕು ಹಾಕುವುದರಲ್ಲಿ ತಮ್ಮ ಕಚೇರಿ ಯಾವ ಹಸುವಿಗೂ ಕಡಿಮೆಯಿಲ್ಲ. ಒಂದೇ ಡಬ್ಬಿಯನ್ನು ಹನ್ನೊಂದು ದಿನ ಮೆಲುಕು ಹಾಕಿದಿರಿ. ಸಿಡುಕಿ ಅಷ್ಟರಲ್ಲಿ ಇಪ್ಪತ್ತೆರಡು ಸಲ ಹಾಲು ಕೊಟ್ಟಳು.

ನಗು ಬಿಟ್ಟು ಒಂದು ಮಾತು. ಬರೀ ಒಣಹುಲ್ಲಿಗೆ ಇಳಿಸಿದರೆ ಹಸುಗಳ ಹಾಲು ಬತ್ತುತ್ತದೆ. ಅಂಗಡಿಯ ಹಿಂಡಿ ತಂದು ನಾಲ್ವರನ್ನೂ ಸಾಕುವ ಶಕ್ತಿ ನಮಗಿಲ್ಲ. ಒಬ್ಬಳನ್ನು ಮಾರಲೇಬೇಕಾಗುತ್ತದೆ, ಎಲ್ಲರಿಗಿಂತ ಹೆಚ್ಚು ತಿನ್ನುವವಳು ಸಿಡುಕಿಯೇ. ನನ್ನನ್ನು ಬಿಟ್ಟು ಬೇರೆ ಯಾರು ಹತ್ತಿರ ಹೋದರೂ ಒದೆಯುವವಳು ಅವಳು. ಅವಳ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ನೆನೆದರೆ ಅಳು ಬರುತ್ತದೆ.

ಆದ್ದರಿಂದ ಶನಿವಾರ ಬೆಳಿಗ್ಗೆ ಆರಕ್ಕೆ ತಾವೇ ಬನ್ನಿ. ಡಬ್ಬಿ, ಅರಗು ಯಾವುದೂ ಬೇಡ. ಡ್ರಮ್ಮಿಗೆ ಕೈ ಹಾಕಿ, ಮೂಸಿ, ನಿಂತ ನಿಲುವಿನಲ್ಲೇ ಪರೀಕ್ಷೆ ಮಾಡಿಸಿ, ಆದೇಶ ರದ್ದು ಮಾಡಿ. ಪೆನ್ನು ನಾನು ಕೊಡುತ್ತೇನೆ. ಹೊಸ ಕಾಗದವನ್ನು ಮಾತ್ರ ಸ್ವಲ್ಪ ಎತ್ತರಕ್ಕೆ ಹಿಡಿದುಕೊಳ್ಳಿ. ಹಳೆಯ ಆದೇಶ ಗೇಟಿನ ಮೇಲೆ ಈಗ ಅರ್ಧವೇ ಉಳಿದಿದೆ. ಸಿಡುಕಿ ತಿಂದ ಅರ್ಧದಲ್ಲಿ ‘ಸೋಮವಾರದಿಂದ’ ಎಂಬ ಸಾಲಿತ್ತು. ಅವಳ ಕೈಲಾದದ್ದನ್ನು ಅವಳು ಮಾಡಿದ್ದಾಳೆ. ಇನ್ನುಳಿದದ್ದು ತಮ್ಮದು.

ಇಂತಿ,
ಮೂರೋ ನಾಲ್ಕೋ ಹಸುಗಳ ಒಡತಿ
(ಎಷ್ಟೆಂದು ತಾವೇ ಹೇಳಬೇಕು)